ಸತ್ಯಾಂಶ: ತೆರಿಗೆ ವಿವರ ಸಲ್ಲಿಸಿದ್ದರೆ ಹತ್ತು ಪಟ್ಟು ಪರಿಹಾರವೇ?

ಬೈಪಾಸಿನಲ್ಲಿ ಅಪಘಾತವಾದ ಸುದ್ದಿ ಬಂದರೆ ಸಾಕು, ಹುಬ್ಬಳ್ಳಿ-ಧಾರವಾಡದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಳೆಯ ಸಂದೇಶವೊಂದು ಮತ್ತೆ ಓಡಾಡುತ್ತದೆ: ಮೃತರು ಮೂರು ವರ್ಷ ಆದಾಯ ತೆರಿಗೆ ವಿವರ ಸಲ್ಲಿಸಿದ್ದರೆ ಸರ್ಕಾರ ಸರಾಸರಿ ಆದಾಯದ ಹತ್ತು ಪಟ್ಟು ಕೊಡಲೇಬೇಕಂತೆ. ಅಂಥ ನಿಯಮವಿಲ್ಲ.

ಸಂದೇಶದಲ್ಲಿರುವ ಮೋಟಾರು ವಾಹನ ಕಾಯ್ದೆಯ 166ನೇ ಕಲಂ ನಿಜವಾದದ್ದೇ. ಆದರೆ ಅದು ಪರಿಹಾರ ಕೋರಿ ನ್ಯಾಯಮಂಡಳಿಗೆ ಅರ್ಜಿ ಹಾಕುವ ದಾರಿ ತೋರಿಸುತ್ತದೆ, ಅಷ್ಟೇ. ಹಣ ಬರುವುದು ತಪ್ಪಿತಸ್ಥ ವಾಹನದ ಮಾಲೀಕರಿಂದ, ಸಾಮಾನ್ಯವಾಗಿ ಅವರ ವಿಮಾ ಕಂಪನಿಯಿಂದ. ಸರ್ಕಾರಿ ವಿಮಾ ಕಚೇರಿಯ ಕ್ಲೇಮು ಅಧಿಕಾರಿ ಬಿಚ್ಚುವ ಕಡತದಲ್ಲಿ ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ, ಚಾಲಕನ ಲೈಸೆನ್ಸ್, ಪಾಲಿಸಿಯ ಪ್ರತಿ ಇರುತ್ತವೆ. ತೆರಿಗೆ ವಿವರ ಅಲ್ಲಿ ಆದಾಯದ ಪುರಾವೆ ಮಾತ್ರ. ಗಟ್ಟಿ ಪುರಾವೆಯೇ, ಒಪ್ಪೋಣ. ಆದರೆ ತೆರಿಗೆಯ ಗೊಡವೆಯೇ ಇಲ್ಲದ ಕೂಲಿಕಾರರ, ರೈತರ ಕುಟುಂಬಗಳಿಗೂ ಅರ್ಜಿ ಹಾಕುವ ಹಕ್ಕಿದೆ. ಸಂದೇಶ ನಂಬಿ ಅವರು ಸುಮ್ಮನಾದಾರು ಎಂಬುದೇ ನನ್ನ ಆತಂಕ. ಲೆಕ್ಕದ ಗುಣಕವೂ, ಅಂದರೆ ಕುಟುಂಬಕ್ಕೆ ತಪ್ಪಿದ ವಾರ್ಷಿಕ ಆದಾಯವನ್ನು ಗುಣಿಸುವ ಸಂಖ್ಯೆಯೂ, ಮೃತರ ವಯಸ್ಸಿನಂತೆ ಬದಲಾಗುತ್ತದೆ: 15ರಿಂದ 25ರೊಳಗಿದ್ದರೆ 18, 65 ದಾಟಿದ್ದರೆ 5.

ಪರಿಶೀಲಿಸುವುದು ಸುಲಭ. ‘ಇಂಡಿಯಾ ಕೋಡ್’ ಎಂಬ ಸರ್ಕಾರಿ ಜಾಲತಾಣದಲ್ಲಿ ಕಾಯ್ದೆ ತೆರೆದು 166ನ್ನು ಓದಿ; ‘ಹತ್ತು ಪಟ್ಟು’ ಎಲ್ಲಿಯೂ ಸಿಗದು. ಓದಲಾಗದಿದ್ದರೆ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ತಡಮಾಡಬೇಡಿ, ಅರ್ಜಿಗೆ ಕಾಯ್ದೆ ಹೇಳುವ ಅವಧಿ ಅಪಘಾತದ ದಿನದಿಂದ 6 ತಿಂಗಳು.