ಗಾಯತ್ರಿ ಮೂರು ಸಲ, ಆಮೇಲೆ ಕೀಲಿ

ಬೆಳಗಿನ ಐದೂವರೆಗೆ ಎಮ್ಮೆಯ ಕೆಚ್ಚಲು ತೊಳೆಯುತ್ತಿದ್ದಾಗ ಅಮೆರಿಕದಿಂದ ಫೋನ್ ಬಂತು. ಆ ಹೊತ್ತಿಗೆ ಫೋನ್ ಬಂದರೆ ನಮ್ಮ ಕಡೆ ಮೊದಲು ಎದೆ ಧಸಕ್ಕೆನ್ನುತ್ತದೆ, ಆಮೇಲೆ ಕೈ ಒರೆಸಿಕೊಳ್ಳುತ್ತೇವೆ. ನೋಡಿದರೆ ಅಕ್ಕನ ಮಗ. ಡೆನ್ವರಿನಲ್ಲಿ ಕಂಪ್ಯೂಟರ್ ಕೆಲಸ ಅವನಿಗೆ. ಅಲ್ಲಿ ಇನ್ನೂ ಹಿಂದಿನ ದಿನದ ಸಂಜೆ.

"ಮಾವ, ಡೀಸೆಲ್ ತೆಗೆದುಕೊಳ್ಳಲೋ ಪೆಟ್ರೋಲ್ ತೆಗೆದುಕೊಳ್ಳಲೋ, ನೀನೇ ಹೇಳು."

ನಮ್ಮ ಮನೆಯಲ್ಲಿ ಫೋನಿನ ಮಾತು ಸ್ಪಷ್ಟವಾಗಿ ಕೇಳುವುದು ಗೊಬ್ಬರಗುಂಡಿಯ ಪಕ್ಕದ ಹಲಸಿನ ಮರದ ಕೆಳಗೆ ಮಾತ್ರ. ಅಲ್ಲಿಗೆ ಓಡಿ ಹೋಗಿ, ಸಮಾಧಾನವಾಗಿ ಹೇಳು ಎಂದೆ. ಅವನಿಗೆ ಹಳೆಯ ಲ್ಯಾಂಡ್ ಕ್ರೂಸರ್ ಬೇಕಂತೆ, '80 ಸೀರೀಸ್' ಎಂಬ ಮಾದರಿಯದು. ಮಂಜಿನ ಬೆಟ್ಟಗಳಲ್ಲಿ ಶನಿವಾರ-ಭಾನುವಾರ ಓಡಾಡುವುದಕ್ಕೆ. ಅಮೆರಿಕದಲ್ಲಿ ಟೊಯೊಟಾದವರು ಆ ಗಾಡಿಯನ್ನು ಪೆಟ್ರೋಲಿನಲ್ಲಿ ಮಾತ್ರ ಮಾರಿದ್ದು. 1993ರಿಂದ 97ರ ವರೆಗಿನದಕ್ಕೆ ನಾಲ್ಕೂವರೆ ಲೀಟರಿನ ಇಂಜಿನ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಲೀಟರಿಗೆ ಐದಾರು ಕಿಲೋಮೀಟರ್. ಡೀಸೆಲಿನದು ಬೇಕೆಂದರೆ ಜಪಾನಿನಿಂದ ಹಡಗಿನಲ್ಲಿ ಬಂದದ್ದೇ ಆಗಬೇಕು. 4.2 ಲೀಟರಿನ ಟರ್ಬೊ ಇಂಜಿನ್. ಗಾಡಿ ತಯಾರಾಗಿ ಇಪ್ಪತ್ತೈದು ವರ್ಷ ತುಂಬಿದ್ದರೆ ಅಲ್ಲಿನ ಸರ್ಕಾರದ ಸುರಕ್ಷತಾ ನಿಯಮಗಳು ಅದನ್ನು ತಡೆಯುವುದಿಲ್ಲವಂತೆ.

ನಮ್ಮಲ್ಲಿ ಹದಿನೈದು ವರ್ಷವಾದ ಗಾಡಿಯ ನೋಂದಣಿ ನವೀಕರಿಸಲು ನಾನು ಸಾರಿಗೆ ಕಚೇರಿಯ ಬೆಂಚನ್ನು ಮೂರು ಸಲ ಬಿಸಿ ಮಾಡಿ ಬಂದಿದ್ದೇನೆ. ಅಲ್ಲಿ ಇಪ್ಪತ್ತೈದಾಗದಿದ್ದರೆ ಒಳಗೇ ಬಿಡುವುದಿಲ್ಲ. ಒಂದೊಂದು ದೇಶದಲ್ಲಿ ಮುದುಕರಿಗೆ ಒಂದೊಂದು ಮರ್ಯಾದೆ.

ಈ ವಿಷಯದಲ್ಲಿ ನಾನು ಪಂಡಿತನೆಂದು ಅವನ ನಂಬಿಕೆ. ಇಪ್ಪತ್ತು ವರ್ಷಗಳಿಂದ ನನ್ನ ಅಂಗಳದಲ್ಲಿ ಒಂದು ಹಳೆಯ ಜೀಪು ಇರುವುದೇ ಅದಕ್ಕೆ ಕಾರಣ. ಚಿಕ್ಕವನಿದ್ದಾಗ ರಜೆಗೆ ಬಂದು ಅದನ್ನು ತಳ್ಳಿದವರಲ್ಲಿ ಅವನೂ ಒಬ್ಬ. ತಳ್ಳಿದ ಮೇಲೂ ನಂಬಿಕೆ ಉಳಿದಿದೆ ಎಂದರೆ ಅದು ಅವನ ಸಂಸ್ಕಾರ.

2004ರಲ್ಲಿ ನನಗೂ ಇದೇ ಸಂಕಟ ಬಂದಿತ್ತು. ಡಾಂಬರು ರಸ್ತೆಯಿಂದ ನಮ್ಮ ಮನೆಗೆ ನಾಲ್ಕು ಕಿಲೋಮೀಟರ್ ಮಣ್ಣಿನ ದಾರಿ, ನಡುವೆ ಒಂದು ಹಳ್ಳ. ಮಳೆಗಾಲದಲ್ಲಿ ಸ್ಕೂಟರಿನಲ್ಲಿ ಹೊರಟರೆ ಸ್ಕೂಟರ್ ಒಂದು ಕಡೆ, ನಾನೊಂದು ಕಡೆ, ಉಂಬಳ ಎರಡೂ ಕಡೆ. ನಾಲ್ಕು ಚಕ್ರಕ್ಕೂ ಎಳೆತವಿರುವ ಗಾಡಿಯೇ ಬೇಕೆಂದು ಹುಡುಕಿದಾಗ ಶಿರಸಿ ಪೇಟೆಯಲ್ಲಿ ಎರಡು ಸಿಕ್ಕವು. ಒಂದು ಬಿಳಿಯ ಜಿಪ್ಸಿ, 1298 ಸಿ.ಸಿ.ಯ ಪೆಟ್ರೋಲ್ ಗಾಡಿ. ಇನ್ನೊಂದು ಮಹೀಂದ್ರ ಎಂಎಂ 540, ಪ್ಯೂಜೋ ಮೂಲದ 2112 ಸಿ.ಸಿ. ಡೀಸೆಲ್ ಇಂಜಿನಿನದು. ಜಿಪ್ಸಿ ನಮ್ಮ ದೇಶದ್ದು, ಜೀಪಿನ ಇಂಜಿನ್ ಮಾತ್ರ ಫಾರಿನ್ನಿನದು ಎಂದು ಮಾರುವವನು ಹೇಳಿದ. ಜಿಪ್ಸಿಯ ತವರು ಜಪಾನಿನ ಸುಜುಕಿ. ಜೀಪಿನ ಮೈಕಟ್ಟು ಅಮೆರಿಕದ ವಿಲ್ಲಿಸ್ ವಂಶದ್ದು, ಹೃದಯ ಫ್ರಾನ್ಸಿನದು, ವೈರಿಂಗ್ ಶಿರಸಿಯದು. ಸ್ವದೇಶಿ ಎನ್ನುವುದಕ್ಕೆ ಅಲ್ಲಿದ್ದದ್ದು ಮಾರುವವನೊಬ್ಬನೇ.

ಅಡಿಕೆ ಮಂಡಿಯ ಪಟ್ಟಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಆಗ ಪೆಟ್ರೋಲಿಗೂ ಡೀಸೆಲಿಗೂ ಲೀಟರಿಗೆ ಹತ್ತು ರೂಪಾಯಿಗಿಂತ ಹೆಚ್ಚಿನ ಅಂತರವಿತ್ತು. ವರ್ಷಕ್ಕೆ ಆರು ಸಾವಿರ ಕಿಲೋಮೀಟರ್ ಓಡಿಸಿದರೆ ಡೀಸೆಲಿನಲ್ಲಿ ಹನ್ನೊಂದು ಸಾವಿರ ಉಳಿಯುತ್ತದೆ. ಐದು ವರ್ಷಕ್ಕೆ ಐವತ್ತೈದು ಸಾವಿರ. ಆ ದುಡ್ಡಿನಲ್ಲಿ ಏನು ಮಾಡುವುದೆಂದು ಯೋಚಿಸುತ್ತ ಅಂದು ರಾತ್ರಿ ನಿದ್ದೆ ಬರಲಿಲ್ಲ. ಹೆಂಡತಿ ಒಂದೇ ಪ್ರಶ್ನೆ ಕೇಳಿದಳು: "ವರ್ಷಕ್ಕೆ ಆರು ಸಾವಿರ ಕಿಲೋಮೀಟರ್ ನೀವು ಹೋಗುವುದಾದರೂ ಎಲ್ಲಿಗೆ?" ಉತ್ತರ ನನ್ನಲ್ಲಿರಲಿಲ್ಲ, ಆದರೂ ಜೀಪು ತಂದೆ. ಮೊದಲ ವರ್ಷ ಓಡಿದ್ದು ಸಾವಿರದ ನೂರು ಕಿಲೋಮೀಟರ್. ಉಳಿತಾಯವಾಗಿದ್ದು ಎರಡು ಸಾವಿರ ಚಿಲ್ಲರೆ. ಅದೇ ವರ್ಷ ಬ್ಯಾಟರಿ ಹೊಸದು ಹಾಕಿಸಿದೆ. ಡೀಸೆಲ್ ಇಂಜಿನ್ ತಿರುಗಿಸುವ ಬ್ಯಾಟರಿಯ ಬೆಲೆ ಇಲ್ಲಿ ಬರೆಯುವುದಿಲ್ಲ. ಹೆಂಡತಿ ಇದನ್ನು ಓದುತ್ತಾಳೆ.

ಪೆಟ್ರೋಲ್ ಗಾಡಿಗೆ ಕೀಲಿ ತಿರುಗಿಸಿದರೆ ಮುಗಿಯಿತು. ನನ್ನ ಜೀಪಿಗೆ ಪೂರ್ವಾಂಗವಿದೆ. ಡೀಸೆಲಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಆ ಕಾವಿಗೆ ಎಣ್ಣೆ ಸಿಂಪಡಿಸಿದರೆ ತಾನಾಗಿ ಹೊತ್ತಿಕೊಳ್ಳಬೇಕು. ಇಂಜಿನ್ ತಣ್ಣಗಿದ್ದರೆ ಆ ಕಾವು ಸಾಲುವುದಿಲ್ಲ, ಆದ್ದರಿಂದ ಒಳಗೊಂದು ಹೀಟರ್ ಇದೆ. ಕೀಲಿಯನ್ನು ಅರ್ಧ ತಿರುಗಿಸಿ ಹಿಡಿದು ಕಾಯಬೇಕು. ಎಷ್ಟು ಹೊತ್ತು ಎಂದು ಗ್ಯಾರೇಜಿನ ಮೇಸ್ತ್ರಿಯನ್ನು ಕೇಳಿದರೆ, "ಅದು ನಿಮ್ಮ ಅನುಭವಕ್ಕೆ ಬರುತ್ತದೆ ಹೆಗಡೆಯವರೇ" ಎಂದ. ನನ್ನ ಅನುಭವಕ್ಕೆ ಬಂದದ್ದು ಗಾಯತ್ರಿಯ ಲೆಕ್ಕ. ಬೇಸಿಗೆಯಲ್ಲಿ ಒಂದು, ಮಳೆಗಾಲದಲ್ಲಿ ಮೂರು, ಡಿಸೆಂಬರಿನ ಇಬ್ಬನಿಯಲ್ಲಿ ಐದು. ಅವಸರದಲ್ಲಿ ಸ್ವರ ತಪ್ಪಿದರೆ ಜೀಪು ಚಾಲೂ ಆಗುವುದಿಲ್ಲ. ನಮ್ಮ ಪುರೋಹಿತರಿಗೂ ಇಷ್ಟು ಕಟ್ಟುನಿಟ್ಟಿಲ್ಲ.

ಪುರೋಹಿತರೆಂದಾಗ ನೆನಪಾಯಿತು. ಕುಮಟಾದ ಕಡೆ ನಂಟರ ಮನೆಯಲ್ಲಿ ಉಪನಯನ. ಭಟ್ಟರು, ಎರಡು ಹಂಡೆ, ಒಂದು ಬಾಳೆಗೊನೆ, ನಾನು. ಇಷ್ಟು ಜನ ನಸುಕಿನಲ್ಲೇ ಹೊರಟೆವು. ಡೀಸೆಲ್ ಮುಳ್ಳು ಕಾಲು ಟ್ಯಾಂಕ್ ತೋರಿಸುತ್ತಿತ್ತು. ಅದು ತಿಂಗಳಿನಿಂದಲೂ ಕಾಲು ಟ್ಯಾಂಕನ್ನೇ ತೋರಿಸುತ್ತಿದೆ ಎಂಬುದನ್ನು ನಾನು ಗಮನಿಸಬೇಕಿತ್ತು. ದೇವಿಮನೆಯ ಗುಡಿಗೆ ಇನ್ನೆರಡು ತಿರುವು ಇದೆ ಎನ್ನುವಾಗ ಜೀಪು ಎರಡು ಸಲ ಆಕಳಿಸಿ ಮಲಗಿತು.

ಪುಣ್ಯಾತ್ಮ ಲಾರಿಯವನೊಬ್ಬ ತನ್ನ ಟ್ಯಾಂಕಿನಿಂದ ಐದು ಲೀಟರ್ ಇಳಿಸಿಕೊಟ್ಟ. ಪೆಟ್ರೋಲ್ ಗಾಡಿಯಾಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಡೀಸೆಲ್ ಖಾಲಿಯಾದರೆ ಪೈಪಿನೊಳಗೆ ಗಾಳಿ ಸೇರುತ್ತದೆ. ಗಾಳಿ ಹೋಗುವ ತನಕ ಟ್ಯಾಂಕ್ ಭರ್ತಿ ಇದ್ದರೂ ಇಂಜಿನ್ನಿಗೆ ಏಕಾದಶಿ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಪಕ್ಕದ ಸಣ್ಣ ಪಂಪಿನ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತುತ್ತ ಇರಬೇಕು. ಡೀಸೆಲಿನ ಜೊತೆ ಬುಸುಬುಸು ಎಂದು ಗುಳ್ಳೆ ಬರುತ್ತದೆ. ಗುಳ್ಳೆ ನಿಂತು ಶುದ್ಧ ಧಾರೆ ಬಂದ ಕ್ಷಣಕ್ಕೆ ಸ್ಕ್ರೂ ಬಿಗಿಯಬೇಕು. ಇದಕ್ಕೆ ಇಬ್ಬರು ಬೇಕು. ಸ್ಕ್ರೂ ನನ್ನ ಕೈಯಲ್ಲಿತ್ತು. ಭಟ್ಟರು ಮಡಿಪಂಚೆಯನ್ನು ಮೇಲಕ್ಕೆ ಕಟ್ಟಿ ಬಾನೆಟ್ಟಿನೊಳಗೆ ಬಗ್ಗಿದರು.

"ಗುಳ್ಳೆ ಬರುತ್ತಿದೆಯೋ?"

"ಬರುತ್ತಿದೆ ಭಟ್ಟರೇ, ಒತ್ತಿ."

"ಮುಹೂರ್ತಕ್ಕೆ ಒಂದೂವರೆ ತಾಸಿದೆ."

"ಒತ್ತಿ."

ಅಷ್ಟರಲ್ಲಿ ನಾನು ಬೇಡವೆಂದಿದ್ದ ಅದೇ ಬಿಳಿಯ ಜಿಪ್ಸಿ ಬಂತು. ಅದನ್ನು ಕೊಂಡಿದ್ದವನು ನಮ್ಮ ಪಕ್ಕದ ಊರಿನವನೇ. ಅದೇ ಉಪನಯನಕ್ಕೆ ಹೊರಟಿದ್ದ. ಕಿಟಕಿ ಇಳಿಸಿ, "ಲೀಟರಿಗೆ ಎಷ್ಟು ಕೊಡುತ್ತದೆ ಹೆಗಡೆಯವರೇ?" ಎಂದು ಕೇಳಿದ. ಭಟ್ಟರು ಒತ್ತುತ್ತಲೇ, "ಪುರೋಹಿತರೊಬ್ಬರನ್ನು ಕೊಡುತ್ತದೆ" ಎಂದರು.

ಮುಹೂರ್ತಕ್ಕೆ ಸರಿಯಾಗಿ ತಲುಪಿದೆವು. ಭಟ್ಟರು ಸೀಗೆಪುಡಿ ಹಾಕಿ ಎರಡೆರಡು ಸಲ ಕೈ ತೊಳೆದರು. ಆದರೂ ಹೋಮಕ್ಕೆ ಕುಳಿತಾಗ ತುಪ್ಪದ ಪರಿಮಳದ ನಡುವೆ ಘಟ್ಟದ ಲಾರಿಯ ವಾಸನೆ ಸುಳಿಯುತ್ತಿತ್ತು. ಅವರು ಒಂದೊಂದು ಸಲ 'ಸ್ವಾಹಾ' ಎಂದಾಗಲೂ ನಾನು ಒಂದೊಂದು ಅಡಿ ಹಿಂದೆ ಸರಿದೆ.

ಜಿಪ್ಸಿಯವನ ಋಣ ತೀರಿಸಲು ನನಗೆ ಜುಲೈವರೆಗೆ ಕಾಯಬೇಕಾಯಿತು. ಹಳ್ಳ ಚಕ್ರದ ಮಟ್ಟ ದಾಟಿತ್ತು. ಅವನು ಜೋರಾಗಿ ನುಗ್ಗಿಸಿದ, ಎದ್ದ ನೀರು ಇಂಜಿನ್ನಿನ ಮೇಲೆ ಬಿತ್ತು, ಡಿಸ್ಟ್ರಿಬ್ಯೂಟರ್ ನೆನೆಯಿತು, ಕಿಡಿ ಸತ್ತಿತು. ನಡುನೀರಿನಲ್ಲಿ ಗಾಡಿ, ಬಾನೆಟ್ಟಿನ ಮೇಲೆ ಅವನು. ಕಿಡಿಯೇ ಇಲ್ಲದ ನನ್ನ ಜೀಪಿಗೆ ನೆನೆಯುವ ಭಯ ಅಷ್ಟಿಲ್ಲ; ಗಾಳಿ ಎಳೆಯುವ ಕೊಳವೆಗೆ ನೀರು ಹೋಗದಿದ್ದರಾಯಿತು. ಎಮ್ಮೆಯ ಹಾಗೆ ಇಳಿದೆ, ಎಮ್ಮೆಯ ಹಾಗೆ ಹತ್ತಿದೆ. ಮಿಣಿ ಕಟ್ಟಿ ಅವನನ್ನು ದಡಕ್ಕೆ ಎಳೆದೆ. "ಲೀಟರಿಗೆ ಎಷ್ಟು ಕೊಡುತ್ತದೆ?" ಎಂದು ಕೇಳುವುದನ್ನು ಮಾತ್ರ ಮರೆಯಲಿಲ್ಲ. ಆ ದಿನದ ಗತ್ತು ಸಂಜೆಯವರೆಗೆ ಇತ್ತು. ಸಂಜೆ ಜೀಪು ಚಾಲೂ ಆಗಲಿಲ್ಲ. ಅವನೇ ಬಂದು ತಳ್ಳಿದ.

ಇದನ್ನೆಲ್ಲ ಅಳಿಯನಿಗೆ ಹೇಳಿದೆ. ಹಳ್ಳದ ಕಥೆಯನ್ನು ಸ್ವಲ್ಪ ಉದ್ದ ಮಾಡಿ, ಘಟ್ಟದ ಕಥೆಯನ್ನು ಸ್ವಲ್ಪ ಗಿಡ್ಡ ಮಾಡಿ. ಅವನ ಊರೇ ಸಮುದ್ರಮಟ್ಟದಿಂದ 1600 ಮೀಟರ್ ಎತ್ತರದಲ್ಲಿದೆ. ಬೆಟ್ಟ ಹತ್ತಿದಂತೆ ಗಾಳಿ ತೆಳುವಾಗಿ ಪೆಟ್ರೋಲ್ ಗಾಡಿ ಏದುಸಿರು ಬಿಡುತ್ತದೆ. ಟರ್ಬೊ ಇದ್ದರೆ ಗಾಳಿಯನ್ನು ಒಳಗೆ ತುರುಕುತ್ತದೆ, ಅಷ್ಟು ದಣಿವಿಲ್ಲ. ಆದರೆ ಚಳಿಗೆ ಡೀಸೆಲಿನಲ್ಲಿ ಮೇಣ ಕಟ್ಟುತ್ತದೆ, ನಮ್ಮ ಕೊಬ್ಬರಿ ಎಣ್ಣೆಯ ಹಾಗೆ. ಅದಕ್ಕೆ ಚಳಿಗಾಲದ ಡೀಸೆಲ್ ಬೇರೆಯೇ ಸಿಗುತ್ತದಂತೆ. ಅಗ್ಗದ ಆಸೆಯಂತೂ ಬೇಡ, ಅಲ್ಲಿ ಪೆಟ್ರೋಲಿಗಿಂತ ಡೀಸೆಲೇ ತುಟ್ಟಿ. ಹೀಟರಿನ ಲೆಕ್ಕ ಹೇಳಿಕೊಡಲು ಹೊರಟರೆ, "ಅದಕ್ಕೆ ದೀಪವಿದೆ ಮಾವ, ಆರಿದ ಮೇಲೆ ಕೀಲಿ ತಿರುಗಿಸಿದರಾಯಿತು" ಎಂದ. ನನ್ನ ಇಪ್ಪತ್ತು ವರ್ಷದ ಸಾಧನೆ ಒಂದು ದೀಪಕ್ಕೆ ಸಮವಾಯಿತು.

ತೊಡಕು ಬೇರೆಯೇ ಇತ್ತು. ಜಪಾನಿನ ಗಾಡಿಗೆ ನಮ್ಮ ಹಾಗೆ ಬಲಗಡೆ ಸ್ಟೇರಿಂಗು. ಅಲ್ಲಿ ರಸ್ತೆಯ ಬಲಕ್ಕೆ ಓಡಿಸುವುದು. ಮುಂದಿನ ಲಾರಿಯನ್ನು ದಾಟಬೇಕೆಂದರೆ ಚಾಲಕನಿಗೆ ಕಾಣುವುದು ರಸ್ತೆಬದಿಯ ಹುಲ್ಲು ಮಾತ್ರ. ಎದುರಿನಿಂದ ಬರುವ ಗಾಡಿ ಕಾಣುವುದು ಎಡಗಡೆ ಕುಳಿತ ಹೆಂಡತಿಗೆ. ಗಾಡಿಯಿಂದ ಇಳಿಯದೆ ಕಾಫಿ ಕೊಳ್ಳುವ ಅಂಗಡಿಯ ಕಿಟಕಿಯೂ ಅವಳ ಕಡೆಗೇ. ಅವಳು ಸಿದ್ದಾಪುರದ ಹುಡುಗಿ. "ಹೋಲ್ಡಾನ್, ರೈಟ್ ಎನ್ನುತ್ತ ಕೂರಲು ನಾನೇನು ಕಂಡಕ್ಟರೇ?" ಎಂದು ಕೇಳಿದಳಂತೆ. ಹಾಗಾದರೆ ಪೆಟ್ರೋಲೇ ಸರಿ, ಹೆಂಡತಿಗಿಂತ ದೊಡ್ಡ ಮೆಕ್ಯಾನಿಕ್ ಇಲ್ಲ ಎಂದು ಹೇಳಿ ಫೋನ್ ಇಟ್ಟೆ. ಅಷ್ಟು ಹೊತ್ತಿಗೆ ಎಮ್ಮೆ ಹಾಲು ಏರಿಸಿಕೊಂಡಿತ್ತು.

ಎರಡು ವಾರದ ಮೇಲೆ ಒಂದು ವಿಡಿಯೊ ಕಳಿಸಿದ. ನೋಡಲು ಹೋದಾಗ ಆ ಡೀಸೆಲ್ ಗಾಡಿಯನ್ನು ಚಾಲೂ ಮಾಡಿದರಂತೆ. ಅದರ ಗಡಗಡ ಕೇಳಿ, "ಥೇಟು ನಮ್ಮೂರಿನ ಅಕ್ಕಿ ಗಿರಣಿ" ಎಂದು ಅವನ ಹೆಂಡತಿಯ ಕಣ್ಣಲ್ಲಿ ನೀರು ಬಂತಂತೆ. ಕೊಂಡುಬಿಟ್ಟಿದ್ದಾರೆ. ಕಂಡಕ್ಟರ್ ಕೆಲಸಕ್ಕೂ ಒಪ್ಪಿದ್ದಾಳೆ, ಎಡಗೈಯಲ್ಲಿ ಕಾಫಿ ಹಿಡಿದು.

ಜಗಲಿಯಲ್ಲಿ ಕುಳಿತು ಶಬ್ದ ಜೋರು ಮಾಡಿ ಆ ವಿಡಿಯೊ ಹಾಕಿದೆ. ಗಡಗಡ ಎಂದಿತು. ಒಳಗಿನಿಂದ ಹೆಂಡತಿ ಕೈಚೀಲದೊಂದಿಗೆ ಹೊರಬಂದಳು.

"ಪೇಟೆಗೆ ಹೊರಟಿರೋ? ಇವತ್ತು ಒಂದೇ ಸಲಕ್ಕೆ ಚಾಲೂ ಆಯಿತಲ್ಲ! ಎರಡು ಕಿಲೋ ರವೆ, ಅರ್ಧ ಕಿಲೋ ತೊಗರಿಬೇಳೆ."

ಅದು ಡೆನ್ವರಿನ ಜೀಪು ಎಂದು ಹೇಳುವಷ್ಟರಲ್ಲಿ ಚೀಲ ಕೊಟ್ಟು ಒಳಗೆ ಹೋಗಿಯಾಗಿತ್ತು. ಅಂಗಳಕ್ಕಿಳಿದು ಜೀಪು ಹತ್ತಿದೆ. ಹೊರಗೆ ಸೋನೆಮಳೆ. ಕೀಲಿಯನ್ನು ಅರ್ಧ ತಿರುಗಿಸಿ ಹಿಡಿದು, ಮೊದಲನೆಯದನ್ನು ಶುರು ಮಾಡಿದೆ.