ಸತ್ಯಾಂಶ: ಬೊಟಾಕ್ಸ್ ಚುಚ್ಚಲು ಡಾಕ್ಟರ್ ಬೇಡವೇ?

‘ಬೊಟಾಕ್ಸ್, ಫಿಲ್ಲರ್ ಎಲ್ಲ ಬರೀ ಬ್ಯೂಟಿ ಟ್ರೀಟ್‌ಮೆಂಟ್. ಟ್ರೇಡ್ ಲೈಸೆನ್ಸ್ ಇರುವ ಪಾರ್ಲರ್‌ನಲ್ಲೇ ಮಾಡಿಸಿ, ಡಾಕ್ಟರ್ ಫೀಸ್ ಉಳಿಸಿ’ ಎಂಬ ಫಾರ್ವರ್ಡ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಬೊಟಾಕ್ಸ್ ಕ್ರೀಮ್ ಅಲ್ಲ, ಔಷಧ. ಬ್ಯಾಕ್ಟೀರಿಯಾದಿಂದ ಬರುವ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಚುಚ್ಚಿ, ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ಕೆಲವು ತಿಂಗಳು ತಡೆದು ಮುಖದ ಸುಕ್ಕು ಕಡಿಮೆ ಮಾಡುತ್ತಾರೆ. ಸೂಜಿ ಸ್ವಲ್ಪ ಜಾಗ ತಪ್ಪಿದರೆ ಕಣ್ಣಿನ ರೆಪ್ಪೆ ಜೋತುಬೀಳಬಹುದು. ಅದಾದರೂ ಕಾಲಕ್ರಮೇಣ ಸರಿಹೋಗುತ್ತದೆ ಅನ್ನಿ. ಚರ್ಮದಡಿ ಚುಚ್ಚಿ ತುಂಬುವ ಜೆಲ್, ಅಂದರೆ ಫಿಲ್ಲರ್ ಕಥೆ ಬೇರೆ. ಅದು ರಕ್ತನಾಳದೊಳಗೆ ಹೊಕ್ಕರೆ ಚರ್ಮ ಸಾಯಬಹುದು, ಅಪರೂಪಕ್ಕೆ ದೃಷ್ಟಿಯೇ ಹೋಗಬಹುದು. ಹಯಲುರೋನಿಕ್ ಆಸಿಡ್ ಫಿಲ್ಲರ್ ಕರಗಿಸಲು ಹಯಲುರೋನಿಡೇಸ್ ಎಂಬ ಮದ್ದಿದೆ. ಅದು ಕೈಗೆಟುಕುವಂತಿರಬೇಕು, ಯಾವಾಗ ಕೊಡಬೇಕೆಂದು ಗೊತ್ತಿರುವವರೂ ಅಲ್ಲೇ ಇರಬೇಕು.

ಟ್ರೇಡ್ ಲೈಸೆನ್ಸ್ ಅಂಗಡಿ ನಡೆಸಲು ಕೊಡುವ ಅನುಮತಿ, ಚಿಕಿತ್ಸೆಗಲ್ಲ. ಕರ್ನಾಟಕದಲ್ಲಿ ಖಾಸಗಿಯಾಗಿ ಚಿಕಿತ್ಸೆ ಕೊಡುವ ಜಾಗ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ ಅಡಿ ನೋಂದಣಿಯಾಗಿರಬೇಕು. ಹೆಸರಲ್ಲಿ ‘ಸ್ಪಾ’, ‘ವೆಲ್‌ನೆಸ್’ ಎಂದಿದ್ದ ಮಾತ್ರಕ್ಕೆ ವಿನಾಯಿತಿ ಸಿಗುವುದಿಲ್ಲ.

ಕೂದಲು ಕಸಿಯದ್ದೂ ಇದೇ ಹಾಡು. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ, ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿ ಅಲ್ಲ ಎಂದು ಬಿಡಿಸಿ ಹೇಳಿದೆ. ಹಾಗೆ ಬರೆಯಬೇಕಾಗಿ ಬಂತಲ್ಲ ಎನ್ನುವುದೇ ಪರಿಸ್ಥಿತಿ ತಿಳಿಸುತ್ತದೆ!

ಹೋಗುವ ಮುನ್ನ ಕೆಪಿಎಂಇ ಪ್ರಮಾಣಪತ್ರ ಎಲ್ಲಿ ಹಾಕಿದ್ದಾರೆ ನೋಡಿ. ಚುಚ್ಚುವವರ ವೈದ್ಯಕೀಯ ನೋಂದಣಿ ಸಂಖ್ಯೆ ಕೇಳಿ. ಬಾಟಲಿಯ ಲೇಬಲ್ ಓದದೆ ಮುಖ ಒಡ್ಡಬೇಡಿ.