ಖಾಲಿದ್ ಜಮೀಲ್‌ಗೆ ಸಮಯ ಕೊಡಿ, ಫಾರಿನ್ ಕೋಚ್‌ಗೆ ಬೇರೆ ಕೆಲಸ ಕೊಡಿ

2025ರ ನವೆಂಬರ್ 18ರಂದು ಢಾಕಾದಲ್ಲಿ ನಮ್ಮ ಭಾರತ ಫುಟ್‌ಬಾಲ್ ತಂಡ ಬಾಂಗ್ಲಾದೇಶದ ಎದುರು 0–1ರಿಂದ ಸೋತಿತು. 22 ವರ್ಷಗಳಲ್ಲಿ ಅವರ ಎದುರು ನಮಗೆ ಮೊದಲ ಸೋಲು ಅದು. ಅದಕ್ಕೂ ಮುಂಚೆ ಅಕ್ಟೋಬರ್‌ನಲ್ಲಿ ಸಿಂಗಪುರ ನಮ್ಮದೇ ಮಡಗಾಂವ್‌ಗೆ ಬಂದು 2–1ರಿಂದ ಗೆದ್ದುಕೊಂಡು ಹೋಗಿತ್ತು. 2027ರ ಏಷ್ಯನ್ ಕಪ್ ಆಸೆ ಅಲ್ಲಿಗೇ ಮುಗಿದಿತ್ತು. ಆಮೇಲಿಂದ ಫುಟ್‌ಬಾಲ್ ನೋಡುವ ಗೆಳೆಯರ ಬಾಯಲ್ಲಿ ಒಂದೇ ಮಾತು: "ನಮ್ಮವರ ಕೈಲಿ ಆಗಲ್ಲ ಗುರು, ಒಳ್ಳೆ ಫಾರಿನ್ ಕೋಚ್ ತರಬೇಕು."

ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಮುಂದಿನ ಕೆಲವು ವರ್ಷ ಭಾರತ ತಂಡದ ಮುಖ್ಯ ಕೋಚ್ ಭಾರತೀಯರೇ ಆಗಿರಬೇಕು ಅನ್ನುವುದು ನನ್ನ ಅಭಿಪ್ರಾಯ. ದೇಶಾಭಿಮಾನದಿಂದ ಹೇಳುತ್ತಿಲ್ಲ, ಲೆಕ್ಕ ನೋಡಿಯೇ ಹೇಳುತ್ತಿದ್ದೇನೆ.

ಮೊದಲು ನಮ್ಮವರೇ ಆದ ಖಾಲಿದ್ ಜಮೀಲ್ ವಿಷಯ. ಅವರು ಭಾರತ ತಂಡದ ಮುಖ್ಯ ಕೋಚ್ ಆಗಿ ಬಂದಿದ್ದು 2025ರ ಆಗಸ್ಟ್‌ನಲ್ಲಿ. ಏಷ್ಯನ್ ಕಪ್ ಅರ್ಹತಾ ಸುತ್ತಿನ ಎರಡು ಪಂದ್ಯ ಅಷ್ಟರಲ್ಲಾಗಲೇ ಮುಗಿದಿದ್ದವು. ಶಿಲ್ಲಾಂಗ್‌ನಲ್ಲಿ ಬಾಂಗ್ಲಾ ಜೊತೆ 0–0, ಹಾಂಗ್‌ಕಾಂಗ್‌ನಲ್ಲಿ 0–1 ಸೋಲು. ಎರಡು ಪಂದ್ಯಕ್ಕೆ ಒಂದು ಪಾಯಿಂಟ್. ಹಿಂದಿನ ಕೋಚ್ ಸ್ಪೇನಿನ ಮನೋಲೊ ಮಾರ್ಕೆಸ್ ಎಂಟು ಪಂದ್ಯದಲ್ಲಿ ಗೆದ್ದಿದ್ದು ಒಂದೇ ಒಂದು, ಅದೂ ಮಾಲ್ಡೀವ್ಸ್ ಎದುರು. ಆ ಅವಧಿಯ ಬಹುಪಾಲು ಅವರು ಎಫ್‌ಸಿ ಗೋವಾದ ಕೋಚ್ ಕೂಡ ಆಗಿದ್ದರು. ದೇಶದ ತಂಡ ಅವರಿಗೆ ಎರಡನೇ ಕೆಲಸ!

ಖಾಲಿದ್ ಬಂದ ಕೆಲವೇ ವಾರಕ್ಕೆ ತಜಿಕಿಸ್ತಾನದಲ್ಲಿ ಮಧ್ಯ ಏಷ್ಯಾದ ಟೂರ್ನಿಯಾದ ಸಿಎಎಫ್‌ಎ ನೇಷನ್ಸ್ ಕಪ್ ಶುರುವಾಯಿತು. ಕೋಲ್ಕತ್ತಾದ ಮೋಹನ್ ಬಗಾನ್ ಕ್ಲಬ್ ತನ್ನ ಆಟಗಾರರನ್ನು ಕಳಿಸಲಿಲ್ಲ. ಆದರೂ ನಮ್ಮವರು ತಜಿಕಿಸ್ತಾನವನ್ನು ಅವರದೇ ಮನೆ ಅಂಗಳದಲ್ಲಿ 2–1ರಿಂದ ಸೋಲಿಸಿದರು. ಮೂರನೇ ಸ್ಥಾನದ ಪಂದ್ಯದಲ್ಲಿ ಒಮಾನ್ ತಂಡವನ್ನು ಪೆನಾಲ್ಟಿಯಲ್ಲಿ ಮಣಿಸಿದರು. ಒಮಾನ್ ಎದುರು ನಾವು ಅದಕ್ಕೂ ಮುಂಚೆ ಗೆದ್ದೇ ಇರಲಿಲ್ಲ. ಸಿಂಗಪುರ, ಢಾಕಾ ಸೋಲುಗಳು ನನಗೂ ನೋವು ಕೊಟ್ಟಿವೆ. ಮಡಗಾಂವ್‌ನಲ್ಲಿ ಮೊದಲು ಗೋಲು ಹೊಡೆದ ಮೇಲೂ ಸೋತಿದ್ದಕ್ಕೆ ಖಾಲಿದ್ ಉತ್ತರ ಕೊಡಲೇಬೇಕು. ಆದರೆ ಕೆಲವೇ ತಿಂಗಳಿಗೆ ಭಾರತೀಯ ಕೋಚ್‌ಗಳ ಇಡೀ ಕುಲವೇ ಅಸಮರ್ಥ ಅಂತ ತೀರ್ಪು ಕೊಡೋದು ಯಾವ ನ್ಯಾಯ?

2012ರಲ್ಲಿ ಸಾವಿಯೊ ಮೆದೇರಾ ಹೋದ ಮೇಲೆ 13 ವರ್ಷ ಆ ಕುರ್ಚಿಯಲ್ಲಿ ಪೂರ್ಣಾವಧಿಗೆ ಭಾರತೀಯರು ಕೂರಲೇ ಇಲ್ಲ. ಕೂವರ್‌ಮನ್ಸ್, ಕಾನ್‌ಸ್ಟಂಟೈನ್, ಸ್ಟಿಮಾಚ್, ಮಾರ್ಕೆಸ್. ಇವರಲ್ಲಿ ಕ್ರೊಯೇಷಿಯಾದ ಸ್ಟಿಮಾಚ್‌ಗೆ ಸಿಕ್ಕಿದ್ದು ಐದು ವರ್ಷ. 2024ರ ಜನವರಿಯಲ್ಲಿ ಕತಾರ್‌ನಲ್ಲಿ ನಡೆದ ಏಷ್ಯನ್ ಕಪ್‌ನಲ್ಲಿ ಮೂರಕ್ಕೆ ಮೂರೂ ಸೋಲು, ಒಂದು ಗೋಲೂ ಇಲ್ಲ. ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಅಫ್ಗಾನಿಸ್ತಾನದ ಎದುರು ಸೋಲು. ಆಮೇಲೂ ಜೂನ್‌ವರೆಗೆ ಇದ್ದರು. ತೆಗೆದ ಮೇಲೆ ಒಪ್ಪಂದದ ಜಗಳ ಮುಗಿಸಲು ಫೆಡರೇಷನ್ ಸುಮಾರು 4 ಲಕ್ಷ ಡಾಲರ್ ಕೊಡಬೇಕಾಯಿತು. ಅವರಿಗೆ ತೋರಿಸಿದ ತಾಳ್ಮೆಯಲ್ಲಿ ಅರ್ಧವನ್ನಾದರೂ ನಮ್ಮವರಿಗೆ ತೋರಿಸಬಹುದಲ್ವಾ?

ಬೆಂಗಳೂರಿನವರಿಗೆ ಒಂದು ವಿಷಯ ನೆನಪಿಸಲೇಬೇಕು. 2023ರ ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಶಿಪ್ ನಮ್ಮ ಕಂಠೀರವದಲ್ಲೇ ನಡೆಯಿತು. ಜುಲೈ 4ರ ಫೈನಲ್‌ನಲ್ಲಿ ಕುವೈತ್ ಎದುರು ಪೆನಾಲ್ಟಿಯಲ್ಲಿ ಗೆದ್ದಾಗ ಇಡೀ ಸ್ಟೇಡಿಯಂ ಒಂದೇ ದನಿಯಲ್ಲಿ ಹಾಡಿತ್ತು. ಅವತ್ತು ಬೆಂಚ್‌ನಲ್ಲಿ ನಿಂತು ತಂಡ ನಡೆಸಿದ್ದು ಯಾರು? ರೆಡ್ ಕಾರ್ಡ್ ತಿಂದ ಸ್ಟಿಮಾಚ್ ಮೇಲೆ ನಿಷೇಧ ಇತ್ತು. ಲೆಬನಾನ್ ಎದುರಿನ ಸೆಮಿಫೈನಲ್ ಮತ್ತು ಫೈನಲ್ ಎರಡನ್ನೂ ನೋಡಿಕೊಂಡಿದ್ದು ಅಸಿಸ್ಟೆಂಟ್ ಕೋಚ್, ಗೋವಾದ ಮಹೇಶ್ ಗಾವ್ಳಿ. ತಂಡ ಕಟ್ಟಿದ ಶ್ರೇಯಸ್ಸಿನಲ್ಲಿ ಸ್ಟಿಮಾಚ್ ಪಾಲೂ ಇದೆ, ಇಲ್ಲ ಅನ್ನಲ್ಲ. ಆದರೆ ಒತ್ತಡದ ಎರಡು ನಾಕೌಟ್ ಪಂದ್ಯಗಳಲ್ಲಿ ಬದಲಿ ಆಟಗಾರನನ್ನು ಯಾವಾಗ ಇಳಿಸಬೇಕು, ಪೆನಾಲ್ಟಿಗೆ ಮುಂಚೆ ಹುಡುಗರಿಗೆ ಏನು ಹೇಳಬೇಕು ಅನ್ನುವ ಸಮಯದಲ್ಲಿ ಅಲ್ಲಿ ಇದ್ದದ್ದು ನಮ್ಮವರು. ಗೆದ್ದ ಮೇಲೆ ಗಾವ್ಳಿ ಹೆಸರು ಎಷ್ಟು ಜನರ ಬಾಯಲ್ಲಿ ಬಂತು?

ನಮ್ಮ ಫುಟ್‌ಬಾಲ್‌ನ ಅತಿ ದೊಡ್ಡ ದಿನಗಳನ್ನು ಕೊಟ್ಟಿದ್ದೂ ದೇಶಿ ಕೋಚೇ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ವೃತ್ತಿಯಿಂದ ಮೇಷ್ಟ್ರು. 1951ರ ದೆಹಲಿ ಏಷ್ಯನ್ ಗೇಮ್ಸ್ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, 1962ರ ಜಕಾರ್ತಾ ಚಿನ್ನ. ಎಲ್ಲವೂ ಅವರ ಕೈಯಲ್ಲೇ. ಹುಡುಗರ ದುರ್ಬಲ ಕಾಲು ಪಳಗಲಿ ಅಂತ ಆ ಕಾಲಲ್ಲಿ ಮಾತ್ರ ಒದೆಯಬೇಕು ಅನ್ನುವ ಟೂರ್ನಿಗಳನ್ನೇ ನಡೆಸುತ್ತಿದ್ದರಂತೆ. ಹೈದರಾಬಾದಿನ ಮೈದಾನದಲ್ಲಿ ಆ ಹುಡುಗರನ್ನು ವರ್ಷಗಟ್ಟಲೆ ನೋಡಿದವರಿಗೆ ಮಾತ್ರ ಹೊಳೆಯುವ ಉಪಾಯ ಅದು.

ಜಕಾರ್ತಾದ ಕಥೆಯಂತೂ ಎಷ್ಟು ಸಲ ಹೇಳಿದರೂ ಸಾಲದು. ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಿದ್ದರು. ಡಿಫೆನ್ಸ್‌ನಲ್ಲಿ ಆಡಿಸೋದು ಕಷ್ಟ. ರಹೀಂ ಅವರನ್ನು ಸೆಂಟರ್ ಫಾರ್ವರ್ಡ್ ಮಾಡಿಬಿಟ್ಟರು! ಹಿಂದೆ ಆ ಜಾಗದಲ್ಲೂ ಆಡಿದ ಹುಡುಗ ಅಂತ ಅವರಿಗೆ ಗೊತ್ತಿತ್ತು. ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ಎದುರು 2–1ರ ಗೆಲುವು. ಒಂದು ಗೋಲು ಪಿ.ಕೆ. ಬ್ಯಾನರ್ಜಿ ಅವರದು, ಇನ್ನೊಂದು ಅದೇ ಜರ್ನೈಲ್ ಅವರದು. ಆ ಹೊತ್ತಿಗೆ ರಹೀಂ ಅವರನ್ನು ಕ್ಯಾನ್ಸರ್ ತಿನ್ನುತ್ತಿತ್ತು. ಮುಂದಿನ ವರ್ಷ ಜೂನ್‌ನಲ್ಲಿ ತೀರಿಕೊಂಡರು. ನಮ್ಮ ಬೆಂಗಳೂರಿನ ಅಹಮದ್ ಖಾನ್, ಕೆಂಪಯ್ಯ, ಅರುಮೈನಾಯಗಂ ಇವರೆಲ್ಲ ರಹೀಂ ಅವರ ತಂಡಗಳಲ್ಲಿ ಆಡಿದವರು.

ಹಾಗಂತ ವಿದೇಶಿ ಕೋಚ್‌ಗಳೆಲ್ಲ ದಂಡ ಅಂತ ನಾನು ಹೇಳಲ್ಲ. 1984ರ ನಂತರ ಮತ್ತೆ ಏಷ್ಯನ್ ಕಪ್ ಕಾಣಲು ನಾವು 2011ರವರೆಗೆ ಕಾಯಬೇಕಾಯಿತು. ಅಲ್ಲಿಗೆ ಕರೆದುಕೊಂಡು ಹೋದವರು ಇಂಗ್ಲೆಂಡಿನ ಬಾಬ್ ಹೌಟನ್. ಕಾನ್‌ಸ್ಟಂಟೈನ್ ಬಂದಾಗ ರ‍್ಯಾಂಕಿಂಗ್‌ನಲ್ಲಿ 170ರ ಆಚೆ ಇದ್ದ ತಂಡ 2017ರಲ್ಲಿ 96ಕ್ಕೆ ಏರಿತು. ಇಲ್ಲೇ ಬೆಂಗಳೂರು ಎಫ್‌ಸಿಗೆ ಮೊದಲ ವರ್ಷವೇ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಗೆದ್ದುಕೊಟ್ಟಿದ್ದು ಆಶ್ಲಿ ವೆಸ್ಟ್‌ವುಡ್, 2016ರಲ್ಲಿ ಏಷ್ಯಾದ ಕ್ಲಬ್‌ಗಳ ಟೂರ್ನಿ ಎಎಫ್‌ಸಿ ಕಪ್ ಫೈನಲ್‌ವರೆಗೆ ಒಯ್ದಿದ್ದು ಸ್ಪೇನಿನ ಆಲ್ಬರ್ಟ್ ರೋಕಾ. ಇದನ್ನೆಲ್ಲ ನಾನು ಮರೆಯಲ್ಲ. ನನ್ನ ತಕರಾರು ಬೇರೆ. ಅವರು ಹೋದ ಮೇಲೆ ನಮ್ಮ ಬಳಿ ಏನು ಉಳಿಯಿತು? ಪ್ರತಿ ಸಲ ಹೊಸಬರು ಬರುತ್ತಾರೆ, ಹೊಸ ಪದ್ಧತಿ ತರುತ್ತಾರೆ, ಹೋಗುವಾಗ ಅದೂ ಅವರ ಜೊತೆಗೇ ಹೋಗುತ್ತದೆ.

ಜಪಾನ್ ಏನು ಮಾಡಿತು ನೋಡಿ. 1960ರಲ್ಲಿ ಜರ್ಮನಿಯಿಂದ ಡೆಟ್ಮಾರ್ ಕ್ರಾಮರ್ ಅವರನ್ನು ಕರೆಸಿಕೊಂಡಿತು. ಅವರು ಆಟಗಾರರಿಗೂ ಕಲಿಸಿದರು, ಜಪಾನಿ ಕೋಚ್‌ಗಳಿಗೂ ಕಲಿಸಿದರು, ದೇಶಕ್ಕೊಂದು ಲೀಗ್ ಬೇಕು ಅಂತ ಒತ್ತಾಯ ಮಾಡಿದರು. 1965ರಲ್ಲಿ ಲೀಗ್ ಶುರುವಾಯಿತು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಜಪಾನ್ ಕಂಚು ಗೆದ್ದಾಗ ಕೋಚ್ ಆಗಿದ್ದವರು ಜಪಾನಿನವರೇ ಆದ ಕೆನ್ ನಗನುಮಾ. ಮುಂದೆ ಜಪಾನಿನವರೂ ಹಲವು ವಿದೇಶಿಯರನ್ನು ಮೇಲಿನ ಕುರ್ಚಿಗೆ ತಂದರು, ನಿಜ. ಆದರೆ 2022ರ ವಿಶ್ವಕಪ್‌ನಲ್ಲಿ ಜರ್ಮನಿ, ಸ್ಪೇನ್ ಎರಡನ್ನೂ ಸೋಲಿಸಿದಾಗ ಕೋಚ್ ಆಗಿದ್ದವರು ಅವರದೇ ಹಾಜಿಮೆ ಮೊರಿಯಾಸು. ಅದೇ ವಿಶ್ವಕಪ್‌ಗೆ ಕೆಲವೇ ತಿಂಗಳ ಮುಂಚೆ ಮೊರಾಕ್ಕೊ ತನ್ನ ವಿದೇಶಿ ಕೋಚ್ ತೆಗೆದು ವಲೀದ್ ರೆಗ್ರಾಗಿ ಅವರನ್ನು ಕೂರಿಸಿ ಸೆಮಿಫೈನಲ್ ತಲುಪಿತು. ನಮ್ಮ ಏಷ್ಯಾದ ಉಜ್ಬೆಕಿಸ್ತಾನ ಮೊದಲ ಬಾರಿಗೆ ವಿಶ್ವಕಪ್‌ಗೆ ಅರ್ಹತೆ ಪಡೆದಿದ್ದು ಅವರದೇ ತಿಮೂರ್ ಕಪಾದ್ಜೆ ಕೈಯಲ್ಲಿ. 2022ರವರೆಗಿನ 22 ಪುರುಷರ ವಿಶ್ವಕಪ್‌ಗಳಲ್ಲಿ ವಿದೇಶಿ ಕೋಚ್ ಇದ್ದ ತಂಡ ಒಂದು ಸಲವೂ ಗೆದ್ದಿಲ್ಲ.

ನಮ್ಮಲ್ಲಿ ಕೋಚ್ ಬೆಳೆಯೋದಾದರೂ ಎಲ್ಲಿ? 2014ರಲ್ಲಿ ಕ್ಲಬ್‌ಗಳ ಲೀಗ್ ಐಎಸ್‌ಎಲ್ ಶುರುವಾದಾಗಿನಿಂದ ಹೆಡ್ ಕೋಚ್ ಅಂದರೆ ಬಹುತೇಕ ಯುರೋಪಿನವರು. ನಮ್ಮವರಿಗೆ ಅಸಿಸ್ಟೆಂಟ್ ಕೆಲಸ, ಇಲ್ಲವೇ 'ಇಂಟರಿಮ್', ಅಂದರೆ ತಾತ್ಕಾಲಿಕ ಅನ್ನುವ ಹಣೆಪಟ್ಟಿ. ಐಜ್ವಾಲ್‌ನಂಥ ಸಣ್ಣ ಊರಿನ ಕ್ಲಬ್‌ಗೆ 2017ರಲ್ಲಿ ಐ-ಲೀಗ್ ಗೆದ್ದುಕೊಟ್ಟ ಖಾಲಿದ್ ಕೂಡ 2021ರಲ್ಲಿ ನಾರ್ತ್‌ಈಸ್ಟ್ ಯುನೈಟೆಡ್ ತಂಡವನ್ನು ಇಂಟರಿಮ್ ಆಗಿಯೇ ಸೆಮಿಫೈನಲ್‌ಗೆ ಒಯ್ದರು. ಅದೇ ವರ್ಷ ಬೆಂಗಳೂರು ಎಫ್‌ಸಿಯಲ್ಲಿ ಸ್ಪೇನಿನ ಕೋಚ್ ಕ್ವಾದ್ರಾತ್ ಹೋದಾಗ ನೌಶಾದ್ ಮೂಸಾ ತಾತ್ಕಾಲಿಕವಾಗಿ ತಂಡ ನೋಡಿಕೊಂಡರು, ಆಮೇಲೆ ಮತ್ತೆ ಯುರೋಪಿನವರೇ ಬಂದರು. ಮೂಸಾ 2025ರಲ್ಲಿ ಭಾರತದ 23 ವರ್ಷದೊಳಗಿನವರ ತಂಡದ ಜೊತೆ ಬಹರೈನ್ ತಂಡವನ್ನು ಸೋಲಿಸಿ ತೋರಿಸಿದರು. 2025ರ ಜುಲೈನಲ್ಲಿ ಥಾಯ್ಲೆಂಡ್‌ಗೆ ಹೋಗಿ ಅವರನ್ನೇ ಸೋಲಿಸಿ ನಮ್ಮ ಹೆಣ್ಣುಮಕ್ಕಳು ಏಷ್ಯನ್ ಕಪ್‌ಗೆ ಅರ್ಹತೆ ಪಡೆದಾಗ ಕೋಚ್ ಆಗಿದ್ದವರು ಕ್ರಿಸ್ಪಿನ್ ಛೆಟ್ರಿ. 54 ವರ್ಷದ ಮೇಲೆ 2023ರಲ್ಲಿ ಕರ್ನಾಟಕ ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಾಗ ಕೋಚ್ ಬಿಬಿ ಥಾಮಸ್. ನಮ್ಮಲ್ಲಿ ಜನ ಇಲ್ಲ ಅನ್ನೋ ಮಾತನ್ನು ನಾನು ಒಪ್ಪಲ್ಲ.

ಅದಕ್ಕೇ ಫೆಡರೇಷನ್‌ಗೆ ನನ್ನ ಬೇಡಿಕೆ ಇಷ್ಟು. ಖಾಲಿದ್‌ಗೆ 2030ರ ವಿಶ್ವಕಪ್ ಅರ್ಹತಾ ಸುತ್ತು ಪೂರ್ತಿ ಬಿಡಿ. ಕ್ಲಬ್‌ಗಳಿಂದ ಆಟಗಾರರನ್ನು ಸಮಯಕ್ಕೆ ಬಿಡಿಸಿಕೊಡಿ, ಹೌಟನ್‌ಗೆ ಕೊಟ್ಟಂಥ ಉದ್ದನೆಯ ಕ್ಯಾಂಪ್ ಕೊಡಿ. ಯುರೋಪಿನ ಒಳ್ಳೆಯ ತಲೆಗಳನ್ನು ಖಂಡಿತ ಕರೆಸಿ, ಆದರೆ ಕೋಚ್‌ಗಳಿಗೆ ಕಲಿಸುವ ಕೆಲಸಕ್ಕೆ. ಐಜ್ವಾಲ್, ಕೋಲ್ಕತ್ತಾ, ಮಲಪ್ಪುರಂ, ಬೆಂಗಳೂರಿನಲ್ಲಿ ಅವರನ್ನು ಕೂರಿಸಿ. ನಮ್ಮ ಆಸ್ಟಿನ್ ಟೌನ್, ಗೌತಮಪುರದಲ್ಲಿ ಬೆಳಗಾಗೆದ್ದು ಮಕ್ಕಳಿಗೆ ಪುಕ್ಕಟೆ ಆಟ ಹೇಳಿಕೊಡುವ ಹಳೇ ಆಟಗಾರರು ಇದ್ದಾರಲ್ಲ, ಅವರ ಲೈಸೆನ್ಸ್ ಕೋರ್ಸ್‌ನ ಫೀಸನ್ನು ಫೆಡರೇಷನ್ನೇ ಕಟ್ಟಲಿ. ಮುಂದಿನ ವಿದೇಶಿ ಕೋಚ್‌ಗೆ ಎತ್ತಿಡುವ ಸಂಬಳ ಮೊದಲು ಅಲ್ಲಿಗೆ ಹೋಗಲಿ.